ಮನೆ ಕೊಳ್ಳುವ ಕಾಗದಗಳಲ್ಲಿ ಬರುವ ಈ ಪದಗಳೆಲ್ಲ ಏನು? ಖಾತಾ, ಇಸಿ, ಎಂಒಡಿ, ಎಲ್‌ಟಿವಿ... ತಲೆ ಕೆಟ್ಟು ಹೋಗಿದೆ

ದಾವಣಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆಯಿತು, ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಕೊನೆಗೂ ಒಂದು ಟೂ ಬಿಎಚ್‌ಕೆ ನೋಡಿದ್ದೇವೆ. ಹೊಸದಲ್ಲ, 2014ರಲ್ಲಿ ಕಟ್ಟಿದ್ದು. ಬೆಲೆ 62.5 ಲಕ್ಷಕ್ಕೆ ಕುದುರಿದೆ. ಮಾರುತ್ತಿರುವವರು ವಯಸ್ಸಾದ ಒಬ್ಬರು ಅಂಕಲ್. ಆಂಟಿ ಎರಡು ವರ್ಷದ ಹಿಂದೆ ತೀರಿಕೊಂಡರು, ಒಬ್ಬರೇ ಇರೋಕೆ ಆಗಲ್ಲ ಅಂತ ಶಿವಮೊಗ್ಗದಲ್ಲಿರುವ ಮಗಳ ಮನೆ ಹತ್ತಿರ ಹೋಗುತ್ತಾರಂತೆ. ತುಂಬಾ ಒಳ್ಳೆಯ ಮನುಷ್ಯ, ನಾವು ಹೋದಾಗಲೆಲ್ಲ ಕಾಫಿ ಕುಡಿಸದೆ ಕಳಿಸುವುದಿಲ್ಲ.

ಈಗ ಸಮಸ್ಯೆ ಏನು ಅಂದರೆ ಬ್ರೋಕರ್ ಒಂದು ಭಾಷೆ ಮಾತಾಡುತ್ತಾನೆ, ಬ್ಯಾಂಕಿನವರು ಇನ್ನೊಂದು, ಲಾಯರ್ ಮೂರನೆಯದು. ಬ್ಯಾಂಕಿನವರು ಕೊಟ್ಟ ಪಟ್ಟಿಯಲ್ಲಿ ಮದರ್ ಡೀಡ್, ಇಸಿ, ಇ-ಖಾತಾ, ಓಸಿ ಅಂತ ಇದೆ. ಸಾಲದ ಪತ್ರದಲ್ಲಿ ಎಲ್‌ಟಿವಿ, ಸ್ಪ್ರೆಡ್, ರೀಸೆಟ್, ಎಂಒಡಿ ಅಂತ ಇದೆ. ಕೇಳಿದರೆ "ಅದೆಲ್ಲ ನಾರ್ಮಲ್ ಸರ್, ಸೈನ್ ಹಾಕಿ" ಅನ್ನುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ: ಇ-ಖಾತಾ ಅಂಕಲ್ ಹೆಸರಲ್ಲಿದೆ, ನಾನೇ ಕಣ್ಣಾರೆ ನೋಡಿದ್ದೇನೆ. ಅಂದಮೇಲೆ ಮನೆ ಅವರದ್ದೇ ಅಲ್ವಾ? ಬ್ರೋಕರ್ ಮುಂದಿನ ವಾರವೇ ಅಗ್ರಿಮೆಂಟ್ ಮಾಡಿಸಿ ಐದು ಲಕ್ಷ ಕೊಡಿ ಅಂತ ಒತ್ತಾಯ ಮಾಡುತ್ತಿದ್ದಾನೆ. ಕೈಯಲ್ಲಿ 13 ಲಕ್ಷ ಇದೆ, ಉಳಿದದ್ದು ಸಾಲ. ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಪತ್ರಬರಹಗಾರರ_ಮಗಳು

ನಮ್ಮಪ್ಪ ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆದವರು, ಹಾಗಾಗಿ ಈ ಪದಗಳು ನಮ್ಮ ಮನೆಯಲ್ಲಿ ಅನ್ನ ಸಾರಿನ ಹಾಗೆ. ಸಾಲದ ವಿಷಯ ನನಗೆ ಅಷ್ಟಕ್ಕಷ್ಟೆ, ಅದನ್ನು ಬೇರೆಯವರು ಹೇಳಲಿ. ಕಾಗದದ ವಿಷಯ ನಾನು ಹೇಳುತ್ತೇನೆ.

ಮೊದಲಿಗೆ, ಖಾತಾ ಅಂದರೆ ಮಾಲೀಕತ್ವ ಅಲ್ಲ. ಇದನ್ನು ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ. ಖಾತಾ ಅಂದರೆ ಈ ಆಸ್ತಿಯ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆ ಇಟ್ಟುಕೊಂಡಿರುವ ಲೆಕ್ಕ. (ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆ ಆಗಿದೆ, 2025ರ ಸೆಪ್ಟೆಂಬರ್‌ನಿಂದ. ಲೆಕ್ಕ ಮಾತ್ರ ಅದೇ.) 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ಕ್ರಯ ರಿಜಿಸ್ಟರ್ ಆಗುವುದಿಲ್ಲ, ಅದಕ್ಕೆ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ, ಅದು ಸರಿಯೇ. ಆದರೆ ಅದು ಬಾಗಿಲು ದಾಟೋಕೆ ಬೇಕಾದ ಚೀಟಿ. ಮನೆ ಯಾರದ್ದು ಅಂತ ಹೇಳುವುದು ಕ್ರಯಪತ್ರ. ಎ ಖಾತಾನಾ ಬಿ ಖಾತಾನಾ ಅಂತಲೂ ನೋಡಿಕೊಳ್ಳಿ. ಬಿ ಅಂದರೆ ಬಡಾವಣೆಗೋ ಕಟ್ಟಡಕ್ಕೋ ಸರಿಯಾದ ಮಂಜೂರಾತಿ ಇಲ್ಲ, ಆದರೂ ತೆರಿಗೆ ತಗೊಳ್ಳುತ್ತಿದ್ದೇವೆ ಅಂತ. ಅದಕ್ಕೆ ಸಾಲ ಸಿಗುವುದು ಕಷ್ಟ.

ಇನ್ನು ಇಸಿ, ನಮ್ಮ ಕನ್ನಡದಲ್ಲಿ ಋಣಭಾರ ಪತ್ರ. ಹೆಸರು ಕೇಳಿದರೆ ಸಾಲ ಇದೆಯೋ ಇಲ್ಲವೋ ಹೇಳುವ ಕಾಗದ ಅನಿಸುತ್ತದೆ. ನಿಜಕ್ಕೂ ಅದು ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ. ಒಂದು ಕಾಲಂನಲ್ಲಿ ಬರೆದುಕೊಟ್ಟವರು, ಪಕ್ಕದಲ್ಲಿ ಬರೆಸಿಕೊಂಡವರು. ವ್ಯವಹಾರ ಇದ್ದರೆ ಫಾರಂ 15, ಆ ಅವಧಿಯಲ್ಲಿ ಏನೂ ಇಲ್ಲದಿದ್ದರೆ ಫಾರಂ 16. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಆಫೀಸಿಗೆ ಹೋಗಬೇಕು. ಅಪ್ಪ ಇಸಿ ಓದುವಾಗ ಬೆರಳು ಇಟ್ಟುಕೊಂಡು ಓದುತ್ತಿದ್ದರು. ಮೇಲಿನ ಸಾಲಿನಲ್ಲಿ ಬರೆಸಿಕೊಂಡವನು ಕೆಳಗಿನ ಸಾಲಿನಲ್ಲಿ ಬರೆದುಕೊಟ್ಟವನಾಗಿ ಬರಬೇಕು. ಎಲ್ಲಿ ಆ ಸರಪಳಿ ಕಡಿಯಿತೋ ಅಲ್ಲಿ ಬೆರಳು ನಿಲ್ಲುತ್ತಿತ್ತು.

ಇಸಿಯಲ್ಲಿ ಬರದೆ ಇರುವುದೇನು ಅಂತಲೂ ತಿಳಿದಿರಲಿ. ರಿಜಿಸ್ಟರ್ ಮಾಡಿಸದ ಅಗ್ರಿಮೆಂಟ್ ಬರುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು ಸಾಮಾನ್ಯವಾಗಿ ಬರುವುದಿಲ್ಲ. ಯಾರಾದರೂ ಸತ್ತರೆ ಅದೂ ಬರುವುದಿಲ್ಲ.

ಮದರ್ ಡೀಡ್ ಅಂದರೆ ಮೂಲ ಪತ್ರ. ಈ ಜಾಗ ಮೊದಲು ಯಾರ ಕೈಯಲ್ಲಿತ್ತು, ಹೊಲವಾಗಿದ್ದರೆ ಯಾವಾಗ ಭೂಪರಿವರ್ತನೆ ಆಯಿತು, ಬಿಲ್ಡರ್ ಕೈಗೆ ಹೇಗೆ ಬಂತು, ಅಲ್ಲಿಂದ ಶುರು. ಓಸಿ ಅಂದರೆ ಕಟ್ಟಡ ಪ್ಲಾನ್ ಪ್ರಕಾರ ಕಟ್ಟಿದ್ದಾರೆ, ಒಳಗೆ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. "ಎಲ್ಲರೂ ಹತ್ತು ವರ್ಷದಿಂದ ವಾಸವಾಗಿದ್ದಾರಲ್ಲ ಸರ್" ಅನ್ನುವುದು ಓಸಿ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಚುಚ್ಚುತ್ತಿದೆ. ಆಂಟಿ ತೀರಿಕೊಂಡರು ಅಂದಿರಿ. 2014ರ ಕ್ರಯಪತ್ರದಲ್ಲಿ ಯಾರ ಹೆಸರಿದೆ? ಅಂಕಲ್ ಒಬ್ಬರದ್ದಾ, ಇಬ್ಬರದ್ದಾ? ಮೊದಲು ಅದನ್ನು ನೋಡಿ. ಅಲ್ಲಿವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸೈಟ್_ನಂ_41

ಖಾತಾ, ಇಸಿ ಎಲ್ಲ ಅಕ್ಕ ಹೇಳಿದರು. ನಾನು ಚೆಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ, ಅದರ ಬಗ್ಗೆ ಹೇಳಿ ಹೋಗುತ್ತೇನೆ, ಯಾಕೆಂದರೆ ಅದರಲ್ಲೇ ನಾನು ಹೊಡೆಸಿಕೊಂಡಿದ್ದು. ಪತ್ರದ ಕೊನೆಯಲ್ಲಿ ಷೆಡ್ಯೂಲ್ ಅಂತ ಇರುತ್ತದೆ, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ. ಬೇಜಾರಿನ ಭಾಗ, ಯಾರೂ ಓದುವುದಿಲ್ಲ. ನನ್ನ ಸೈಟಿನ ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂ 42 ಅಂತ ಇರಬೇಕಿತ್ತು. ಉಲ್ಟಾ ಆಗಿತ್ತು. ಎಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮನೆ ಕಟ್ಟೋಕೆ ಸಾಲ ಕೇಳಿದಾಗ ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ "ಈ ಕಾಗದದ ಪ್ರಕಾರ ನಿಮ್ಮ ಸೈಟು ರಸ್ತೆ ಆಚೆ ಇದೆ" ಅಂದರು. ತಿದ್ದುಪಡಿ ಪತ್ರ ಮಾಡಿಸಬೇಕು ಅಂದರೆ ಮಾರಿದವರೇ ಬಂದು ಸಹಿ ಹಾಕಬೇಕು, ಅವರು ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಹುಡುಕಿ, ಬಸ್ ಚಾರ್ಜು ಕೊಟ್ಟು, ಊಟ ಹಾಕಿಸಿ ಕರೆದುಕೊಂಡು ಬಂದೆ. ನಾಲ್ಕು ತಿಂಗಳು ಹೋಯಿತು.

ಫ್ಲಾಟ್ ಆದರೆ ಇನ್ನೊಂದು ಇದೆ, ಯುಡಿಎಸ್. ಕಟ್ಟಡದ ಕೆಳಗಿನ ನೆಲದಲ್ಲಿ ನಿಮ್ಮ ಪಾಲು ಎಷ್ಟು ಚದರಡಿ ಅಂತ. ಗೋಡೆ ಹಳೆಯದಾಗುತ್ತದೆ, ನೆಲ ಹಳೆಯದಾಗುವುದಿಲ್ಲ. ಅದು ಪತ್ರದಲ್ಲಿ ಬರೆದಿರಲೇಬೇಕು.

ಬೆಣ್ಣೆ_ಖಾಲಿ

ಟೂ ಬಿಎಚ್‌ಕೆ ಎಷ್ಟು ಸ್ಕ್ವೇರ್ ಫೀಟ್ ಅಂತ ಹೇಳಿದರು? 1,150 ಅಂದಿದ್ದರೆ ಅದು ಸೂಪರ್ ಬಿಲ್ಟ್ ಅಪ್, ಅದರಲ್ಲಿ ಲಿಫ್ಟು, ಮೆಟ್ಟಿಲು, ವಾಚ್‌ಮ್ಯಾನ್ ಕೂರುವ ಜಾಗ ಎಲ್ಲದರ ಪಾಲೂ ಸೇರಿದೆ. ನಿಮ್ಮ ಮಂಚ, ಬೀರು ಇಡುವ ಜಾಗಕ್ಕೆ ಕಾರ್ಪೆಟ್ ಏರಿಯಾ ಅನ್ನುತ್ತಾರೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಒಳಗಿನ ಗೋಡೆಗಳು ಇದರಲ್ಲಿ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಟೇಪು ತಗೊಂಡು ಹೋಗಿ ಅಳೆಯಿರಿ. ನಾನು ಅಳೆದಾಗ ಬ್ರೋಕರ್ ಮುಖ ನೋಡಬೇಕಿತ್ತು.

ಸಾಲದ_ಕೌಂಟರ್

ನಾನು ಒಂದು ಬ್ಯಾಂಕಿನಲ್ಲಿ ಗೃಹಸಾಲದ ವಿಭಾಗದಲ್ಲಿ ಇದ್ದೇನೆ, ಯಾವುದು ಅಂತ ಕೇಳಬೇಡಿ. ನಿಮ್ಮ 13 ಲಕ್ಷದ ಲೆಕ್ಕ ತಪ್ಪಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ.

ಎಲ್‌ಟಿವಿ ಅಂದರೆ ಆಸ್ತಿಯ ಬೆಲೆಗೆ ಬ್ಯಾಂಕು ಗರಿಷ್ಠ ಎಷ್ಟು ಪಾಲು ಸಾಲ ಕೊಡಬಹುದು ಅನ್ನುವ ಮಿತಿ. ಆರ್‌ಬಿಐ ನಿಯಮದಲ್ಲಿ 30 ಲಕ್ಷದವರೆಗಿನ ಸಾಲಕ್ಕೆ 90%, 30ರಿಂದ 75 ಲಕ್ಷದವರೆಗೆ 80%, ಅದಕ್ಕೂ ಮೇಲೆ 75%. ನಿಮ್ಮದು 62.5 ಲಕ್ಷ, ಅಂದರೆ ಹೆಚ್ಚೆಂದರೆ 50 ಲಕ್ಷ. ಉಳಿದ 12.5 ಲಕ್ಷ ನಿಮ್ಮ ಕೈಯಿಂದ, ಇದಕ್ಕೆ ನಾವು ಮಾರ್ಜಿನ್ ಅನ್ನುತ್ತೇವೆ. 13 ಇದೆಯಲ್ಲ, ಸಾಕು ಅಂದುಕೊಂಡಿರಿ ಅಲ್ವಾ? ರಿಜಿಸ್ಟ್ರೇಷನ್ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ, ಅದಕ್ಕೆ ಸಾಲವೂ ಇಲ್ಲ. ಮುದ್ರಾಂಕ ಶುಲ್ಕ 5% ಅಂದರೆ 3,12,500. ಆ ಶುಲ್ಕದ ಮೇಲೆ 10% ಸೆಸ್ 31,250, 2% ಸರ್ಚಾರ್ಜ್ 6,250. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2% ಮಾಡಿದ್ದಾರೆ, ಅದು 1,25,000. ಎಲ್ಲ ಸೇರಿ 4,75,000. ಅಂದರೆ ನಿಮಗೆ ಬೇಕಿರುವುದು 17.25 ಲಕ್ಷ, ಬ್ರೋಕರ್ ಕಮಿಷನ್, ಲಾಯರ್ ಫೀಸು, ಸಾಮಾನು ಸಾಗಿಸುವ ಖರ್ಚು ಬಿಟ್ಟು.

ಈ ಶುಲ್ಕ ಹಾಕುವುದು ನಿಮ್ಮ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಗೈಡೆನ್ಸ್ ವ್ಯಾಲ್ಯೂ ಅನ್ನುವುದು ಇದನ್ನೇ. "ಪತ್ರದಲ್ಲಿ 50 ತೋರಿಸೋಣ, ಉಳಿದದ್ದು ಕ್ಯಾಶ್ ಕೊಡಿ" ಅಂತ ಬ್ರೋಕರ್ ಹೇಳಿದರೆ ಒಪ್ಪಬೇಡಿ. ಅದು ತಪ್ಪು ಅನ್ನುವುದು ಒಂದು ಕಡೆ, ಪತ್ರದಲ್ಲಿ 50 ಇದ್ದರೆ ಸಾಲವೂ 40ಕ್ಕೆ ಇಳಿಯುತ್ತದೆ. ಇನ್ನೊಂದು, ನಮ್ಮ ವ್ಯಾಲ್ಯುಯರ್ ಬಂದು ಈ ಫ್ಲಾಟಿಗೆ 58 ಲಕ್ಷ ಅಂತ ಬರೆದರೆ ನಾವು 80% ಲೆಕ್ಕ ಹಾಕುವುದು 58ರ ಮೇಲೆ, ನೀವು ಒಪ್ಪಿಕೊಂಡ 62.5ರ ಮೇಲೆ ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಅಗ್ರಿಮೆಂಟ್ ಮಾಡಿಕೊಂಡು ಬಂದು ಕೌಂಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಸ್ಪ್ರೆಡ್, ರೀಸೆಟ್ ವಿಷಯಕ್ಕೆ ಬರೋಣ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ದರ ಏರಿಳಿಯುವ) ಗೃಹಸಾಲ ಹೊರಗಿನ ಒಂದು ದರಕ್ಕೆ ಕಟ್ಟಿರಬೇಕು, ಬಹುತೇಕ ಅದು ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ. ರೆಪೊ ಮೇಲೆ ಬ್ಯಾಂಕು ಸೇರಿಸುವ ಪಾಲೇ ಸ್ಪ್ರೆಡ್. ರೆಪೊ ಎಲ್ಲರಿಗೂ ಒಂದೇ, ಸ್ಪ್ರೆಡ್ ನಿಮ್ಮ ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ತೀರಿಸಿದಿರಿ ಅನ್ನುವುದರ ಅಂಕ) ಮೇಲೆ, ಬ್ಯಾಂಕಿನ ಮೇಲೆ. ಚೌಕಾಸಿ ಮಾಡುವುದಿದ್ದರೆ ಅದರಲ್ಲಿ ಮಾಡಿ. ರೀಸೆಟ್ ಅಂದರೆ ದರ ಬದಲಾದಾಗ ನಿಮ್ಮ ಸಾಲಕ್ಕೆ ಅದನ್ನು ಹಚ್ಚುವ ದಿನ, ಮೂರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ 6.5ರಿಂದ 5.5ಕ್ಕೆ ಇಳಿಯಿತು. ಎಷ್ಟೋ ಜನ ಇಎಂಐ ಇಳಿಯಲೇ ಇಲ್ಲ ಅಂತ ಜಗಳಕ್ಕೆ ಬಂದರು. ಇಳಿದದ್ದು ಅವಧಿ. ಇಎಂಐ ಇಳಿಸಬೇಕಾ ಅವಧಿ ಇಳಿಸಬೇಕಾ ಅಂತ ಆರಿಸಿಕೊಳ್ಳುವ ಅವಕಾಶ ನಿಮಗಿದೆ, ಬಾಯಿಬಿಟ್ಟು ಕೇಳಬೇಕು ಅಷ್ಟೆ. ನನ್ನ ಮಾತು ಕೇಳಿದರೆ ಅವಧಿಯೇ ಇಳಿಯಲಿ.

ಯಾಕೆ ಅಂತ ಲೆಕ್ಕ ನೋಡಿ. 50 ಲಕ್ಷ, 8.5%, 20 ವರ್ಷ ಅಂತ ಇಟ್ಟುಕೊಳ್ಳಿ. ಇಎಂಐ 43,391. ಮೊದಲ ತಿಂಗಳು ಅದರಲ್ಲಿ 35,417 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 7,974. ಪೂರ್ತಿ ಕಟ್ಟಿ ಮುಗಿಸುವ ಹೊತ್ತಿಗೆ 1.04 ಕೋಟಿ ಕೊಟ್ಟಿರುತ್ತೀರಿ. ವರ್ಷಕ್ಕೆ ಒಂದು ಇಎಂಐ ಜಾಸ್ತಿ ಕಟ್ಟಿದರೂ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಮುಗಿಯುತ್ತದೆ. ಫ್ಲೋಟಿಂಗ್ ದರದ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಹಾಕುತ್ತೇವೆ ಅಂದರೆ ನಂಬಬೇಡಿ.

ಎಂಒಡಿ ಅಂದರೆ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟೆ ಅಂತ ಬರೆದುಕೊಡುವ ಒಪ್ಪಂದ. ಇದೂ ಇಸಿಯಲ್ಲಿ ಕಾಣಿಸುತ್ತದೆ. ಸಾಲ ತೀರಿದ ಮೇಲೆ ಅದರ ಬಿಡುಗಡೆಯೂ ಇಸಿಯಲ್ಲಿ ಬರಬೇಕು. ನಿಮ್ಮ ಅಂಕಲ್ 2014ರಲ್ಲಿ ಸಾಲ ಮಾಡಿದ್ದರಾ? ಮಾಡಿದ್ದರೆ ಬಿಡುಗಡೆ ಆಗಿದೆಯಾ ನೋಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ.

ಕೊನೆಗೆ, ಸಾಲದ ಜೊತೆ ಇನ್ಶೂರೆನ್ಸ್ ಕಡ್ಡಾಯ ಅಂತ ಹೇಳಿ ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸುತ್ತಾರೆ. ಕಡ್ಡಾಯ ಅಲ್ಲ. ಆ ಪ್ರೀಮಿಯಂಗೂ ನೀವು 20 ವರ್ಷ ಬಡ್ಡಿ ಕಟ್ಟುತ್ತೀರಿ. ನಾನೂ ಮಾರುತ್ತೇನೆ, ಟಾರ್ಗೆಟ್ ಇದೆ, ಅದಕ್ಕೇ ಹೇಳುತ್ತಿದ್ದೇನೆ. ಬೇಕಿದ್ದರೆ ಬೇರೆಯಾಗಿ ಟರ್ಮ್ ಪಾಲಿಸಿ ತಗೊಳ್ಳಿ.

ಗೌಡ್ರು_ಹೊಸಕೋಟೆ

ಇಷ್ಟೆಲ್ಲ ಯಾಕೆ ಹೆದರಿಸುತ್ತೀರಿ ಪಾಪ ಆ ಹುಡುಗನನ್ನ. ನಮ್ಮ ಕಡೆ ಜಿಪಿಎ ಮೇಲೇ ಎಷ್ಟು ಸೈಟ್ ಕೈ ಬದಲಾಗಿದೆ. ಖಾತಾ ಇದೆ, ಕಂದಾಯ ಕಟ್ಟಿದ ರಸೀದಿ ಇದೆ, ಇನ್ನೇನು ಬೇಕು?

ಪತ್ರಬರಹಗಾರರ_ಮಗಳು

ಗೌಡ್ರೇ, ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನನ್ನ ಪರವಾಗಿ ನೀನು ಕೆಲಸ ಮಾಡು ಅಂತ ಕೊಡುವ ಅಧಿಕಾರ, ಆಸ್ತಿ ಕೊಟ್ಟಂತೆ ಅಲ್ಲ. ಅದರ ಮೇಲೆ ಮಾರಾಟ ಆದರೆ ಹಕ್ಕು ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೈ ಬದಲಾಗಿರಬಹುದು, ಹಕ್ಕು ಬದಲಾಗಿಲ್ಲ. ಏನೂ ಆಗದೆ ಇರುವವರೆಗೆ ಏನೂ ಆಗುವುದಿಲ್ಲ, ಮಕ್ಕಳ ಕಾಲಕ್ಕೆ ಗೊತ್ತಾಗುತ್ತದೆ.

ದಾವಣಗೆರೆ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅಂಕಲ್ ಮನೆಗೆ ಹೋಗಿ ಹಳೆಯ ಕ್ರಯಪತ್ರ ಕೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಬೀರುವಿನಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದು ತೆಗೆದುಕೊಟ್ಟರು. ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಒಂದೊಂದೇ ಹಾಳೆ ಮಗುಚುತ್ತಿದ್ದಾಗ ಎರಡನೇ ಪುಟದಲ್ಲಿ ಸಿಕ್ಕಿತು. ಕೊಳ್ಳುವವರು ಅಂತ ಇರುವ ಕಡೆ ಎರಡು ಹೆಸರು. ಮೊದಲು ಅಂಕಲ್, ಕೆಳಗೆ ಆಂಟಿ. ಆಂಟಿಯ ಚಿಕ್ಕ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು.

ಅಂಕಲ್‌ನ ಕೇಳಿದರೆ, ಆಂಟಿ ಹೋದ ಮೇಲೆ ಡೆತ್ ಸರ್ಟಿಫಿಕೇಟ್ ಕೊಟ್ಟು ಖಾತಾ ಒಬ್ಬರ ಹೆಸರಿಗೇ ಮಾಡಿಸಿಕೊಂಡರಂತೆ, ಅಷ್ಟಕ್ಕೆ ಎಲ್ಲ ಮುಗಿಯಿತು ಅಂತ ಅವರೂ ಅಂದುಕೊಂಡಿದ್ದಾರೆ. ವಿಲ್ ಬರೆದಿಲ್ಲ. ಮಗಳು ಶಿವಮೊಗ್ಗ, ಮಗ ದುಬೈ. ಈಗ ಏನು ಮಾಡುವುದು? ಡೀಲ್ ಬಿಟ್ಟುಬಿಡಬೇಕಾ?

ಪತ್ರಬರಹಗಾರರ_ಮಗಳು

ಬಿಡಬೇಡಿ, ಇದು ಸರಿ ಮಾಡಬಹುದಾದ ವಿಷಯ. ಯಾರೂ ಮೋಸ ಮಾಡಿಲ್ಲ ಇಲ್ಲಿ. ಪತ್ರದಲ್ಲಿ ಪಾಲು ಬೇರೆ ಬರೆಯದಿದ್ದರೆ ಅರ್ಧ ಅಂಕಲ್‌ದು, ಅರ್ಧ ಆಂಟಿದು. ವಿಲ್ ಇಲ್ಲ ಅಂದಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆಂಟಿಯ ಅರ್ಧ ಗಂಡ, ಮಗ, ಮಗಳು ಮೂವರಿಗೂ ಸಮವಾಗಿ ಹೋಗುತ್ತದೆ. ಅಂದರೆ ಆರು ಭಾಗ ಮಾಡಿದರೆ ಅಂಕಲ್‌ಗೆ ನಾಲ್ಕು, ಮಕ್ಕಳಿಗೆ ಒಂದೊಂದು. ಅಂಕಲ್ ಒಬ್ಬರೇ ಸಹಿ ಹಾಕಿದರೆ ನಿಮಗೆ ಬರುವುದು ಆರರಲ್ಲಿ ನಾಲ್ಕು ಭಾಗ. ಅಡುಗೆಮನೆ ಮತ್ತು ಒಂದು ರೂಮು ಅಂತ ಇಟ್ಟುಕೊಳ್ಳಿ.

ದಾರಿ ಎರಡು. ಮಕ್ಕಳಿಬ್ಬರೂ ಮಾರುವವರಾಗಿ ನಿಮ್ಮ ಕ್ರಯಪತ್ರಕ್ಕೇ ಸಹಿ ಹಾಕುವುದು. ಇಲ್ಲವೇ ಮೊದಲು ಅಪ್ಪನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ರಿಜಿಸ್ಟರ್ ಮಾಡಿಸುವುದು, ರಿಲೀಸ್ ಡೀಡ್ ಅನ್ನುತ್ತಾರಲ್ಲ ಅದು. ಮನೆಯವರ ನಡುವೆ ಆದರೆ ಶುಲ್ಕ ತೀರಾ ಕಡಿಮೆ. ಎರಡಕ್ಕೂ ವಂಶವೃಕ್ಷ ಬೇಕು, ಈಗಲೇ ಅರ್ಜಿ ಹಾಕಿಸಿ.

ಮಸ್ಕತ್_ಮಂಜ

ಮಗ ದುಬೈ ಅಂತ ಓದಿ ಬರೆಯುತ್ತಿದ್ದೇನೆ. ನಾನೂ ಇಲ್ಲಿಂದ ಅಪ್ಪನಿಗೆ ಇದೇ ರೀತಿ ಬರೆದುಕೊಟ್ಟವನು. ಆತ ಬರೋಕೆ ಆಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ದೃಢೀಕರಿಸಿ ತಂಗಿಗೋ ಅಕ್ಕನಿಗೋ ಕಳಿಸಬಹುದು. ಮೂಲ ಪ್ರತಿ ಇಂಡಿಯಾಗೆ ಬಂದ ಮೇಲೆ ಮೂರು ತಿಂಗಳೊಳಗೆ ನಮ್ಮ ರಾಜ್ಯದ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಪವರ್ ಪತ್ರದಲ್ಲಿ ಈ ಫ್ಲಾಟಿನ ನಂಬರು, ಏನು ಮಾಡಲು ಅಧಿಕಾರ ಅಂತ ಸ್ಪಷ್ಟವಾಗಿ ಇರಲಿ. ಸುಮ್ನೆ "ಎಲ್ಲಾ ವ್ಯವಹಾರ" ಅಂತ ಬರೆದರೆ ವಾಪಸ್ ಕಳಿಸುತ್ತಾರೆ.

ನನ್ನ ಸಲಹೆ, ರಿಲೀಸ್ ಡೀಡೇ ಒಳ್ಳೆಯದು. ಕಾರಣ ಟಿಡಿಎಸ್. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿ ಕೊಂಡರೆ ನೀವು ಮಾರುವವರಿಗೆ ಕೊಡುವ ಹಣದಲ್ಲೇ 1% ಹಿಡಿದು ಅವರ ಪ್ಯಾನ್ ಮೇಲೆ ತೆರಿಗೆ ಕಟ್ಟಬೇಕು, ನಿಮ್ಮ ಲೆಕ್ಕದಲ್ಲಿ 62,500. ಇದು ಮೇಲಿನ ಖರ್ಚಲ್ಲ, ಬೆಲೆಯೊಳಗಿನದ್ದೇ. ಆದರೆ ಮಾರುವವರಲ್ಲಿ ಒಬ್ಬ ಎನ್‌ಆರ್‌ಐ ಇದ್ದರೆ ಅವನ ಪಾಲಿಗೆ 1% ನಡೆಯುವುದಿಲ್ಲ, ದರ ಬೇರೆ, ತುಂಬಾ ಜಾಸ್ತಿ, ಮತ್ತು ಕಡಿಮೆ ಹಿಡಿದರೆ ಇಲಾಖೆ ಕೇಳುವುದು ಕೊಂಡ ನಿಮ್ಮನ್ನು. ಮೊದಲೇ ಅಪ್ಪನಿಗೆ ಬಿಟ್ಟುಕೊಟ್ಟರೆ ನಿಮಗೆ ಮಾರುವವರು ಅಪ್ಪ ಒಬ್ಬರೇ, ಗೋಜಲಿಲ್ಲ.

ಸಾಲದ_ಕೌಂಟರ್

ಸರಿಯಾಗಿ ಹೇಳಿದರು. ನಮ್ಮ ಪ್ಯಾನಲ್ ಲಾಯರ್ ಕೈಗೆ ಈ ಫೈಲ್ ಬಂದಿದ್ದರೆ ಅವರು ಇಲ್ಲೇ ತಡೆಯುತ್ತಿದ್ದರು. ಅಷ್ಟರಲ್ಲಿ ನಿಮ್ಮ ಐದು ಲಕ್ಷ ಹೋಗಿರುತ್ತಿತ್ತು. ಅಗ್ರಿಮೆಂಟ್ ಮಾಡುವಾಗ "ಸಾಲ ಮಂಜೂರಾಗದಿದ್ದರೆ ಅಥವಾ ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ವಾಪಸ್" ಅನ್ನುವ ಒಂದು ಸಾಲು ಹಾಕಿಸಿ. ಆ ನಾಲ್ಕೂಕಾಲು ಲಕ್ಷ ಕೊರತೆಗೆ ಪರ್ಸನಲ್ ಲೋನ್ ಮಾತ್ರ ತಗೊಳ್ಳಬೇಡಿ, ಅದರ ಕಂತು ನೋಡಿ ಗೃಹಸಾಲದ ಮೊತ್ತ ಇಳಿಸುತ್ತಾರೆ.

ದಾವಣಗೆರೆ_ಹುಡುಗ

ಅಪ್‌ಡೇಟ್. ಅಂಕಲ್ ಹತ್ತಿರ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವಳ ಸಹಿ ಇನ್ನೂ ಬೇಕು ಅಂತಾಯ್ತು" ಅಂದರು. ಆಮೇಲೆ ಅವರೇ ಮಗಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಆಕೆ ಒಪ್ಪಿದ್ದಾರೆ, ಅಣ್ಣನಿಗೂ ಹೇಳುತ್ತೇನೆ ಅಂದರು, ಅವರು ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ತಗೊಳ್ಳುತ್ತಾರಂತೆ. ಬ್ರೋಕರ್‌ಗೆ ಮಾತ್ರ ಸಿಟ್ಟು ಬಂದಿದೆ. ಕೊರತೆ ದುಡ್ಡಿಗೆ ಅಪ್ಪ ಊರಲ್ಲಿ ಒಂದು ಎಫ್‌ಡಿ ಮುರಿಸುತ್ತೇನೆ ಅಂದಿದ್ದಾರೆ. ಅಗ್ರಿಮೆಂಟ್ ಮುಂದಿನ ತಿಂಗಳಿಗೆ ಹೋಯಿತು.

ಬೆಣ್ಣೆ_ಖಾಲಿ

ಒಳ್ಳೆಯದಾಯಿತು. ಅಂದ ಹಾಗೆ ಕಾರ್ ಪಾರ್ಕಿಂಗ್ ಪತ್ರದಲ್ಲಿ ಬರೆದಿದೆಯಾ, ಇಲ್ಲ ಅಂಕಲ್ ಸುಮ್ನೆ ಅಲ್ಲಿ ನಿಲ್ಲಿಸುತ್ತಿದ್ದಾರಾ?

ದಾವಣಗೆರೆ_ಹುಡುಗ

ಅಯ್ಯೋ. ತಾಳಿ, ಷೆಡ್ಯೂಲ್ ನೋಡಿ ಹೇಳುತ್ತೇನೆ.